ಯುದ್ಧಕಾಲದ ಬ್ರಿಟಿಷ್ ಪಲ್ಟನ್ನಿನಲ್ಲಿ ಒಂದು ದಿನ ಹೇಗಿರುತ್ತಿತ್ತು? ಶಾಲೆಯ ನಾಟಕಕ್ಕೆ ಬೇಕು

ಕಡಲತೀರದ ಅಕ್ಕೋರು, ಕಾರವಾರ

ಎಲ್ಲರಿಗೂ ನಮಸ್ಕಾರ. ಕಾರವಾರದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಈ ಸಲ ಗ್ಯಾದರಿಂಗಿಗೆ ಮಕ್ಕಳಿಗಾಗಿ ನಾನೇ ಒಂದು ನಾಟಕ ಬರೆಯುತ್ತಿದ್ದೇನೆ. ಇಂಗ್ಲೆಂಡಿನ ಹಳ್ಳಿಯ 20 ವರ್ಷದ ಹುಡುಗ, ಬೇಕರಿಯಲ್ಲಿ ಕೆಲಸಕ್ಕಿದ್ದವನು, ಎರಡನೇ ಮಹಾಯುದ್ಧದ ಹೊತ್ತು, 1941ರಲ್ಲಿ ಸೈನ್ಯಕ್ಕೆ ಕರೆ ಬಂದು ಹೋಗುತ್ತಾನೆ. ಆಮೇಲೆ ಹಡಗು ಹತ್ತಿ ನಮ್ಮ ದೇಶಕ್ಕೆ ಬಂದು, ಬೆಳಗಾವಿ ಕಡೆಯ ಕಾಡಿನಲ್ಲಿ ತರಬೇತಿ ಪಡೆದು ಈಶಾನ್ಯ ಗಡಿಯ ಕೊಹಿಮಾಕ್ಕೆ, ಜಪಾನೀಯರ ವಿರುದ್ಧದ ಕಾಳಗಕ್ಕೆ ಹೋಗುತ್ತಾನೆ. ಕೊನೆಯ ಭಾಗ ಬರೆದಾಗಿದೆ. ತೊಂದರೆ ಇರುವುದು ಮೊದಲ ಭಾಗದಲ್ಲಿ, ಇಂಗ್ಲೆಂಡಿನ ಕ್ಯಾಂಪಿನಲ್ಲಿ.

ಅಲ್ಲಿ ಬರೀ ಬಂದೂಕು ಹಾರಿಸುವುದನ್ನೇ ಬರೆದಿಟ್ಟಿದ್ದೆ. ಓದಿ ನೋಡಿದರೆ ನನಗೇ ನಂಬಿಕೆ ಬರಲಿಲ್ಲ. ಬೆಳಿಗ್ಗೆಯಿಂದ ರಾತ್ರಿವರೆಗೆ ಯಾರಾದರೂ ಗುಂಡು ಹಾರಿಸುತ್ತಾ ಇರುತ್ತಾರಾ? ಎಷ್ಟು ಗಂಟೆಗೆ ಏಳುತ್ತಿದ್ದರು, ಏನು ತಿನ್ನುತ್ತಿದ್ದರು, ಸಂಜೆ ಹೊತ್ತು ಹೇಗೆ ಕಳೆಯುತ್ತಿದ್ದರು, ಇಂಥದ್ದು ಬೇಕು. ನನ್ನ ಹತ್ತಿರ 15 ಮಕ್ಕಳಿದ್ದಾರೆ, ಅದರಲ್ಲಿ 5 ಹುಡುಗಿಯರು. ಗೊತ್ತಿದ್ದವರು ದಯವಿಟ್ಟು ಹೇಳಿ.

ಹಳಿಯಾಳ ಹವಾಲ್ದಾರ

ತಂಗಿ, ನಾನು ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಸೆಂಟರಿನಲ್ಲಿ ಟ್ರೇನಿಂಗ್ ಆದವನು. ನೀವು ಕೇಳಿದ್ದು ನನಗಿಂತ ಬಹಳ ಹಿಂದಿನ ಕಾಲ. ಆದರೆ ನಮ್ಮ ಪಲ್ಟನ್ನಿನ ಕಟ್ಟು ಅವರಿಂದಲೇ ಬಂದದ್ದು, ಹಾಗಾಗಿ ಧೈರ್ಯದಿಂದ ಹೇಳುತ್ತೇನೆ.

ಆಗಿನ ಒಂದು ಬ್ರಿಟಿಷ್ ಬಟಾಲಿಯನ್ ಅಂದ್ರೆ ಸುಮಾರು 800 ಜನ. ನಾಲ್ಕು ರೈಫಲ್ ಕಂಪನಿ, ಅದರ ಜೊತೆ ಹೆಡ್‌ಕ್ವಾರ್ಟರ್ ಕಂಪನಿ. ಒಂದು ರೈಫಲ್ ಕಂಪನಿಗೆ ಮೂರು ಪ್ಲಟೂನ್, ಪ್ಲಟೂನಿಗೆ ಮೂರು ಸೆಕ್ಷನ್, ಸೆಕ್ಷನ್ನಿಗೆ 10 ಜನ. ಅವರಲ್ಲೇ ಒಬ್ಬ ಕಾರ್ಪೊರಲ್ ಮುಖ್ಯಸ್ಥ, ಸೆಕ್ಷನ್ನಿಗೆ ಒಂದು ಬ್ರೆನ್ ಗನ್, ಅಂದ್ರೆ ಹಗುರ ಮಷೀನ್ ಗನ್, ಉಳಿದ ಹೆಚ್ಚಿನವರ ಕೈಯಲ್ಲಿ ಲೀ ಎನ್‌ಫೀಲ್ಡ್ ರೈಫಲ್. ನಿಮ್ಮ ಹುಡುಗನಿಗೆ ಆ 10 ಜನವೇ ಮನೆ. ಬಟಾಲಿಯನ್ನಿನ ಮುಖ್ಯಸ್ಥ ಕರ್ನಲ್ ಸಾಹೇಬರನ್ನು ಅವನು ಪರೇಡಿನಲ್ಲಿ ದೂರದಿಂದ ನೋಡುವುದು ಅಷ್ಟೇ. ನಿಮ್ಮ 10 ಹುಡುಗರು ಸರಿಯಾಗಿ ಒಂದು ಸೆಕ್ಷನ್ ಆಗುತ್ತಾರೆ, ದೊಡ್ಡ ಸೈನ್ಯ ತೋರಿಸಲು ಹೋಗಬೇಡಿ.

ಇನ್ನೊಂದು ಮಾತು ಮನಸ್ಸಿಟ್ಟು ಕೇಳಿ. ಇನ್‌ಫೆಂಟ್ರಿ, ಅಂದ್ರೆ ಕಾಲ್ದಳ. ಅದಕ್ಕೆ ಮುಖ್ಯ ಗುಂಡಲ್ಲ, ಕಾಲು. ರೂಟ್ ಮಾರ್ಚ್ ಬರೆಯಿರಿ. ನಿಮಿಷಕ್ಕೆ 120 ಹೆಜ್ಜೆ, ಒಂದು ಹೆಜ್ಜೆ 30 ಇಂಚು. 50 ನಿಮಿಷ ನಡೆಯುವುದು, 10 ನಿಮಿಷ ರಸ್ತೆ ಪಕ್ಕ ಕೂರುವುದು, ಮತ್ತೆ ಏಳುವುದು. 20 ಮೈಲಿಯ ಮಾರ್ಚ್ ಅಂದ್ರೆ ನಿಮ್ಮ ಕಾರವಾರದಿಂದ ಹೆಚ್ಚುಕಡಿಮೆ ಅಂಕೋಲಾದವರೆಗೆ ಅಂತ ತಿಳಿಯಿರಿ. ಬೆನ್ನಿಗೆ ಚೀಲ, ಹೆಗಲಿಗೆ 4 ಕಿಲೋ ರೈಫಲ್, ಮೈಮೇಲೆ ಉಣ್ಣೆಯ ದಪ್ಪ ಬಟ್ಟೆ. ಬ್ರೆನ್ ಗನ್ ಸುಮಾರು 10 ಕಿಲೋ, ಅದನ್ನು ಸರದಿಯ ಮೇಲೆ ಹೊರಬೇಕು. ತನ್ನ ಸರದಿ ಮುಗಿದರೂ ಪಕ್ಕದವನಿಗೆ ಸುಸ್ತಾಗಿದೆ ಅಂತ ಇನ್ನೊಂದು ಮೈಲಿ ಹೊರುವ ಹುಡುಗ ಪ್ರತಿ ಸೆಕ್ಷನ್ನಿನಲ್ಲೂ ಒಬ್ಬ ಇರುತ್ತಾನೆ. ನನ್ನ ಸೆಕ್ಷನ್ನಿನಲ್ಲೂ ಇದ್ದ. ಅವನನ್ನು ನಾನು ಇವತ್ತಿಗೂ ಮರೆತಿಲ್ಲ.

ಕ್ಯಾಂಪಿಗೆ ಬಂದ ಮೇಲೆ ಮೊದಲ ಕೆಲಸ ಊಟ ಅಲ್ಲ. ಬೂಟು ಬಿಚ್ಚಿ ಕಾಲು ತೋರಿಸುವುದು. ಪ್ಲಟೂನಿನ ಆಫೀಸರ್ ಒಬ್ಬೊಬ್ಬರ ಪಾದ ನೋಡುತ್ತಾ ಬರುತ್ತಾನೆ. ಬೊಬ್ಬೆ ಎದ್ದಿದೆಯಾ, ಉಗುರು ಕತ್ತರಿಸಿದ್ದಾನಾ, ಸಾಕ್ಸಿನಲ್ಲಿ ತೂತಿದೆಯಾ ಅಂತ. ಆಫೀಸರ್ ಆಗಿರುವ ದೊಡ್ಡ ಮನೆಯ ಹುಡುಗ ಬಂದು ಬೇಕರಿ ಹುಡುಗನ ಪಾದ ನೋಡುವುದು! ಇದನ್ನು ಬಿಡಬೇಡಿ ತಂಗಿ.

ಕುಮಟಾ ಇತಿಹಾಸ ಮಾಸ್ತರ

ಹವಾಲ್ದಾರರು ಹೇಳಿದ್ದು ಸರಿಯಾಗಿದೆ. ನಾನು ದಿನಚರಿ ಹೇಳುತ್ತೇನೆ.

ಬೆಳಗಾಗುವಾಗ ಬ್ಯೂಗಲ್. ತಣ್ಣೀರಿನಲ್ಲಿ ಗಡ್ಡ ಬೋಳಿಸಬೇಕು, ಬಿಡುವ ಹಾಗಿಲ್ಲ. ಕಸರತ್ತು, ತಿಂಡಿ, ಕಂಬಳಿ ಮಡಚಿ ಸಾಮಾನು ಜೋಡಿಸಿಡುವುದು, ಅದರ ತಪಾಸಣೆ, ಆಮೇಲೆ ಡ್ರಿಲ್. ನಂತರ ಆಯುಧದ ಪಾಠ. ಈ ಪಾಠದಲ್ಲಿ ಗುಂಡು ಹಾರಿಸುವುದಕ್ಕಿಂತ ಬ್ರೆನ್ ಗನ್ ಬಿಚ್ಚಿ ಮತ್ತೆ ಜೋಡಿಸುವುದೇ ಜಾಸ್ತಿ, ಕಣ್ಣು ಕಟ್ಟಿಕೊಂಡೂ ಜೋಡಿಸಲು ಬರಬೇಕು, ಯಾಕಂದ್ರೆ ಕತ್ತಲೆಯಲ್ಲಿ ಅದು ಜಾಮ್ ಆದರೆ ದೀಪ ಹಚ್ಚಲು ಆಗುವುದಿಲ್ಲ. 1940ರಲ್ಲಿ ಜರ್ಮನರ ಎದುರು ಸೋತು, ಫ್ರಾನ್ಸಿನ ಡಂಕರ್ಕ್ ಬಂದರಿನಿಂದ ವಾಪಸ್ ಬರುವಾಗ ಸೈನ್ಯ ಲಾರಿ, ತೋಪು, ಮದ್ದುಗುಂಡು ಎಲ್ಲ ಫ್ರಾನ್ಸಿನಲ್ಲೇ ಬಿಟ್ಟು ಬಂದಿತ್ತು. ಹಾಗಾಗಿ ತರಬೇತಿಗೆ ಗುಂಡು ಸಿಗುವುದೇ ಕಷ್ಟ. ಕಾಳಗದ ಅಭ್ಯಾಸದಲ್ಲಿ ಮಷೀನ್ ಗನ್ನಿನ ಸದ್ದಿಗೆ ಮರದ ಗಿರಗಟ್ಟೆ ತಿರುಗಿಸುತ್ತಿದ್ದರು, ಫುಟ್‌ಬಾಲ್ ನೋಡಲು ಬಂದವರು ತಿರುಗಿಸುತ್ತಿದ್ದರಲ್ಲ, ಅಂಥದ್ದು. ನಿಮ್ಮ ನಾಟಕಕ್ಕೆ ಪಟಾಕಿ ಬೇಡ, ಗಿರಗಟ್ಟೆ ತಿರುಗಿಸಿ, ಅದೇ ನಿಜ.

ಊಟದ ಹೊತ್ತಿಗೆ ಆ ದಿನದ ಡ್ಯೂಟಿ ಆಫೀಸರ್ ಬಂದು ಊಟದ ಬಗ್ಗೆ ದೂರು ಏನಾದರೂ ಇದೆಯಾ ಅಂತ ಕೇಳುವ ಪದ್ಧತಿ. ರಾತ್ರಿ ಪಹರೆ ಬಿದ್ದರೆ 2 ತಾಸು ನಿಲ್ಲುವುದು, 4 ತಾಸು ಬಿಡುವು. ಯುದ್ಧ ಶುರುವಾದಾಗ ಸಾಮಾನ್ಯ ಸಿಪಾಯಿಗೆ ದಿನಕ್ಕೆ 2 ಶಿಲ್ಲಿಂಗ್ ಪಗಾರ. ಹೆಸರು ಕೂಗಿದಾಗ ಮೇಜಿನ ಮುಂದೆ ಬಂದು ಸಲ್ಯೂಟ್ ಹೊಡೆದು ತೆಗೆದುಕೊಳ್ಳಬೇಕು.

ಒಂದು ಮಾತು ನೆನಪಿಡಿ. ಹೊಸಬರಿಗೆಲ್ಲ ಮೊದಲು 6 ವಾರ ಸಾಮಾನ್ಯ ತರಬೇತಿ ಕೊಟ್ಟು, ಆಮೇಲೆ ಯಾವ ವಿಭಾಗ ಅಂತ ಆರಿಸುವ ಪದ್ಧತಿ ಬಂದದ್ದು 1942ರ ಜುಲೈನಲ್ಲಿ. ನಿಮ್ಮ ಹುಡುಗ 1941ರವನು. ಅವನು ನೇರವಾಗಿ ಇನ್‌ಫೆಂಟ್ರಿ ತರಬೇತಿ ಕೇಂದ್ರಕ್ಕೆ ಹೋಗಿ, ಅಲ್ಲಿಂದ ಬಟಾಲಿಯನ್ನಿಗೆ ಬರುತ್ತಾನೆ.

ಕಡಲತೀರದ ಅಕ್ಕೋರು, ಕಾರವಾರ

ಹವಾಲ್ದಾರ ಅಣ್ಣ, ಮಾಸ್ತರ್ರೇ, ಇಬ್ಬರಿಗೂ ಬಹಳ ಧನ್ಯವಾದ. ಕಾಲು ನೋಡುವ ದೃಶ್ಯ ಓದಿ ಕಣ್ಣು ತುಂಬಿ ಬಂತು. ಹಳೆಯ ದೃಶ್ಯ ಪೂರ್ತಿ ತೆಗೆದೆ. ಆದರೆ ಹುಡುಗಿಯರಿಗೆ ಏನು ಕೊಡಲಿ? ಸುಮ್ನೆ ಅಳುವ ಅಮ್ಮ, ಅಳುವ ಅಕ್ಕ ಮಾಡಿ ನಿಲ್ಲಿಸಲು ನನಗೆ ಮನಸ್ಸಿಲ್ಲ. ಸಂಜೆ ಹೊತ್ತಿನ ಬಗ್ಗೆಯೂ ಯಾರಾದರೂ ಹೇಳಿ.

ತೋಟದ ಮನೆ, ಶಿರಸಿ

ಅಕ್ಕೋರೆ, ಹುಡುಗಿಯರಿಗೆ ಕೆಲಸ ಬೇಕಾದಷ್ಟಿದೆ. ಎಟಿಎಸ್ ಅಂತ ಹೆಂಗಸರ ಸೈನ್ಯವೇ 1938ರಲ್ಲಿ ಶುರುವಾಗಿತ್ತು. ಲಾರಿ ಓಡಿಸುವವರು, ಅಡುಗೆಯವರು, ಕ್ಲಾರ್ಕು, ಟೆಲಿಫೋನಿನವರು ಎಲ್ಲ ಇದ್ದರು. ರಾಣಿ ಎಲಿಜಬೆತ್ ರಾಜಕುಮಾರಿಯಾಗಿದ್ದಾಗ 1945ರಲ್ಲಿ ಅದನ್ನೇ ಸೇರಿ ಗಾಡಿ ರಿಪೇರಿ ಕಲಿತವರು. ಒಬ್ಬಳ ಕೈಗೆ ಸ್ಪ್ಯಾನರ್ ಕೊಡಿ.

ಇನ್ನು ಸಂಜೆ. ಸಿಪಾಯಿಗಳಿಗೆ ನಾಫಿ ಅಂತ ಕ್ಯಾಂಟೀನ್ ಇತ್ತು, 1921ರಿಂದ ನಡೆಯುತ್ತಿದ್ದದ್ದು. ಅಲ್ಲಿ ಚಹಾ, ಬನ್ನು, ಸಿಗರೇಟು. ಕೌಂಟರಿನಲ್ಲಿ ಇರುತ್ತಿದ್ದದ್ದು ಹೆಚ್ಚಾಗಿ ಹುಡುಗಿಯರೇ. ನಿಮ್ಮ ಹುಡುಗ ಬೇಕರಿಯವನು ಅಲ್ವಾ, ಅವನು ಬನ್ನು ಮುರಿದು ನೋಡಿ ಹಿಟ್ಟು ಎಷ್ಟು ಹೊತ್ತು ಹುದುಗಿತ್ತು ಅಂತ ಹೇಳಲಿ. ಅಲ್ಲೇ ಅವರ ಗೆಳೆತನ ಶುರುವಾಗಬಹುದು.

ಅದಕ್ಕಿಂತ ಮೊದಲು ಮರುದಿನದ ತಯಾರಿ ಆಗಬೇಕು. ಬೆಲ್ಟಿಗೆ, ಪಟ್ಟಿಗಳಿಗೆ ಬ್ಲ್ಯಾಂಕೊ ಅಂತ ಒಂದು ಬಣ್ಣ, ನೀರಿನಲ್ಲಿ ಕಲಸಿ ಬ್ರಷ್‌ನಿಂದ ಹಚ್ಚುವುದು. ಹಿತ್ತಾಳೆ ತಿಕ್ಕುವುದು, ಬೂಟು ಹೊಳೆಯಿಸುವುದು, ಸಾಕ್ಸ್ ಹೊಲಿಯುವುದು. ಸೂಜಿ ದಾರ ಗುಂಡಿ ಇಟ್ಟ ಪುಟ್ಟ ಬಟ್ಟೆ ಚೀಲ ಪ್ರತಿಯೊಬ್ಬನ ಹತ್ತಿರ ಇರುತ್ತಿತ್ತು. ಅದರ ಹೆಸರೇ ಹೌಸ್‌ವೈಫ್, ಅಂದ್ರೆ ಮನೆಯೊಡತಿ. 10 ಜನ ಗಂಡು ಹುಡುಗರು ಒಲೆ ಸುತ್ತ ಕೂತು ಸಾಕ್ಸ್ ಹೊಲಿಯುವುದನ್ನು ರಂಗದ ಮೇಲೆ ನೋಡಿದರೆ ನಮ್ಮೂರಿನ ಮಕ್ಕಳು ಯುದ್ಧ ಅಂದ್ರೆ ಏನು ಅಂತ ಬೇರೆ ರೀತಿ ಯೋಚಿಸುತ್ತಾರೆ.

ಬೆಳಗಾವಿ ಕಾಡಿನ ಭಾಗದಲ್ಲಿ ಮೆಪಾಕ್ರಿನ್ ಮಾತ್ರೆ ಸೇರಿಸಿ. ಮಲೇರಿಯಾಕ್ಕೆ ದಿನಾ ನುಂಗಬೇಕಿತ್ತು, ತಿಂದು ತಿಂದು ಚರ್ಮ ಹಳದಿ ಆಗುತ್ತಿತ್ತು. ನಮ್ಮ ಘಟ್ಟದ ಮೇಲೆ ಚಳಿಜ್ವರ ಎಷ್ಟು ಮನೆ ಖಾಲಿ ಮಾಡಿತ್ತು ಅಂತ ನಮ್ಮಜ್ಜಿ ಹೇಳುತ್ತಿದ್ದರು. ಆ ಹುಡುಗರ ಭಯ ನಮ್ಮವರಿಗೆ ಬೇಗ ಅರ್ಥ ಆಗುತ್ತದೆ.

ಹಳಿಯಾಳ ಹವಾಲ್ದಾರ

ಬೂಟಿನ ಸದ್ದು ಮರೆಯಬೇಡಿ. ಆಗಿನ ಬೂಟಿನ ತಳಕ್ಕೆ ಮೊಳೆ, ಹಿಮ್ಮಡಿಗೆ ಕಬ್ಬಿಣದ ಪಟ್ಟಿ ಇರುತ್ತಿತ್ತು. 10 ಜನ ಒಟ್ಟಿಗೆ ಹೆಜ್ಜೆ ಹಾಕಿದರೆ ಕತ್ತಲೆಯಲ್ಲೂ ಗೊತ್ತಾಗಬೇಕು.

ಕಡಲತೀರದ ಅಕ್ಕೋರು, ಕಾರವಾರ

ಪೇಟೆಯ ಚಪ್ಪಲಿ ಹೊಲಿಯುವ ಅಜ್ಜನಿಗೆ ಕೇಳಿದೆ. ಹಳೆಯ ಬೂಟು ತಂದುಕೊಟ್ಟರೆ 10 ಜೊತೆಗೂ ಮೊಳೆ ಹೊಡೆದು ಕೊಡುತ್ತಾರಂತೆ. ಸ್ಪ್ಯಾನರ್ ನಮ್ಮ ಮನೆಯವರದ್ದೇ ಇದೆ. ಶನಿವಾರ ಮೊದಲ ರಿಹರ್ಸಲ್. ಪರದೆ ತೆಗೆದಾಗ 10 ಹುಡುಗರು ಬರಿಗಾಲು ಮುಂದೆ ಚಾಚಿ ಸಾಲಾಗಿ ಕೂತಿರುತ್ತಾರೆ.