ಜೇನು ಕಡಿದಲ್ಲಿ ಉಳಿಯುವುದು ಮುಳ್ಳೋ, ಕೊಂಡಿಯೋ?

ಬಳಗದ ಎಲ್ಲರಿಗೂ ಶರಣು.

ಹಾವೇರಿ ಕಡೆಯ ಶಾಲೆಗಳ ಗೋಡೆಗೆ ಅಂಟಿಸಲು ಜೇನು ಕಡಿತದ ಪ್ರಥಮ ಚಿಕಿತ್ಸೆಯ ಒಂದು ಪುಟ ಬರೆಯುತ್ತಿದ್ದೇನೆ. ನೀರಿನ ಟಾಕಿಯ ಕೆಳಗೆ, ಆಲದ ಕೊಂಬೆಗೆ ಹೆಜ್ಜೇನು ಕಟ್ಟುವ ಊರುಗಳಿವು. ಮಗು ಓದಿ ಮನೆಯಲ್ಲಿ ಅಜ್ಜಿಗೆ ಹೇಳಿದರೆ ಅವರಿಗೂ ತಿಳಿಯಬೇಕು. ಕೆಲವು ಪದಗಳಿಗೆ ನಿಮ್ಮ ನೆರವು ಬೇಕು.

ಕ್ರಿಯಾಪದದ ಚಿಂತೆಯಿಲ್ಲ. ಪುಸ್ತಕದಲ್ಲಿ ‘ಕುಟುಕು’ ಎಂದಿರುತ್ತದೆ. ನಮ್ಮಲ್ಲಿ ನಾಯಿ, ಹಾವು, ಚೇಳು, ಜೇನು ಎಲ್ಲವೂ ಕಡಿಯುವಂಥವೇ. ‘ಜೇನ ಕಡದಾವ’ ಅಂದರೆ ಸಾಕು.

ತೊಡಕಿರುವುದು ಚರ್ಮದಲ್ಲಿ ಉಳಿಯುವುದರ ಹೆಸರಿನಲ್ಲಿ. ನಾನು ಕೇಳಿದವರಲ್ಲಿ ಹೆಚ್ಚಿನವರು ‘ಮುಳ್ಳು’ ಅಂದರು. ಆದರೆ ‘ಮುಳ್ಳ ತಗಿ’ ಅಂದ ಕೂಡಲೇ ಕೈ ಪಿನ್ನು, ಚಿಮಟಾ ಹುಡುಕುತ್ತದೆ. ಬೆಳಕಿಗೆ ಕೂಡಿಸಿ, ಚಾಳೀಸು ಹಾಕಿಕೊಂಡು, ಮೆಲ್ಲಗೆ ಕೆದಕುವ ಕೆಲಸ ಅದು. ಜಾಲಿಮುಳ್ಳಿಗೆ ಸರಿ, ಜೇನಿನದಕ್ಕೆ ಅಲ್ಲ. ಅದಕ್ಕೆ ಹಿಂದಕ್ಕೆ ಬಾಗಿದ ಹಲ್ಲುಗಳಿರುವುದರಿಂದ ಹುಳ ಹಾರಿದಾಗ ಕಿತ್ತು ನಮ್ಮಲ್ಲೇ ಉಳಿಯುತ್ತದೆ, ಜೊತೆಗೆ ವಿಷದ ಚೀಲವೂ. ಹುಳ ಹೋದ ಮೇಲೂ ಆ ಚೀಲ ವಿಷ ಇಳಿಸುತ್ತಲೇ ಇರುತ್ತದೆ. ಬಹುಪಾಲು ಮೊದಲ 20 ಸೆಕೆಂಡಿನಲ್ಲೇ ಒಳಗೆ ಹೋಗುತ್ತದೆ. ಕೆರೆದು ತೆಗೆಯಬೇಕೋ, ಚಿವುಟಿ ಕೀಳಬೇಕೋ ಎಂಬ ವಾದಕ್ಕೆ 1996ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಬಂದ ಪ್ರಯೋಗ ಉತ್ತರ ಕೊಟ್ಟಿತು: ಹೇಗಾದರೂ ತೆಗೆಯಿರಿ, ತಡ ಮಾತ್ರ ಮಾಡಬೇಡಿ. ಉಗುರಿದ್ದರೆ ಉಗುರೇ ಸಾಕು.

ಅದಕ್ಕೇ ನನಗೆ ‘ಕೊಂಡಿ’ ಹಿಡಿಸಿದೆ. ಕೊಂಡಿ ಅಂದರೆ ಹುಳದ ಅಂಗ, ವಿಷ ಅದರ ಜೊತೆಗೇ ನೆನಪಾಗುತ್ತದೆ. ಆದರೆ ಧಾರವಾಡದ ಗೆಳೆಯರೊಬ್ಬರು, ‘ಕೊಂಡಿ ಚೇಳಿಗಿರತೈತಿ, ಇಲ್ಲಾ ಬಾಗಲಕ್ಕ. ಜೇನಿಗೆ ಎಲ್ಲೀದ್ರೀ?’ ಎಂದು ತಕರಾರು ತೆಗೆದರು. ಗದಗ, ರೋಣದ ಕಡೆ ಸೂರ್ಯಕಾಂತಿ ಬೆಳೆಯುವವರು ಏನನ್ನುತ್ತಾರೆ? (ಕಡಜ ಸಾಮಾನ್ಯವಾಗಿ ಏನನ್ನೂ ಬಿಟ್ಟು ಹೋಗುವುದಿಲ್ಲ, ಅಲ್ಲಿ ಹುಡುಕುತ್ತ ಕೂರಬೇಕಿಲ್ಲ.)

ವಿಷಕ್ಕೆ ‘ನಂಜು’ ಎಂದು ಬರೆಯಲು ಹಲವರು ಹೇಳಿದರು. ಪದ ಚೆಂದವಿದೆ, ನಾನು ಒಪ್ಪಲಾರೆ. ಕೀವಾದ ಗಾಯಕ್ಕೂ ‘ನಂಜಾಗೇತಿ’ ಅನ್ನುತ್ತೇವೆ. ಜೇನು ಕಡಿದ ಮರುದಿನ ಬಾವು ಏರುವುದು ಸಾಮಾನ್ಯ. ಅದು ಹೆಚ್ಚಾಗಿ ದೇಹದ ಪ್ರತಿಕ್ರಿಯೆ, ಕೀವಲ್ಲ. ನಂಜು ಎಂದು ಬರೆದರೆ ಜನ ಆ್ಯಂಟಿಬಯಾಟಿಕ್ ಗುಳಿಗೆ ಕೇಳುತ್ತಾರೆ. ಬೇಕಾದದ್ದು ಸಾಬೂನು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಬರ್ಫ ಇಡುವುದು. ಸುಣ್ಣ ಬೇಡವೆಂದು ಸ್ಪಷ್ಟವಾಗಿ ಬರೆಯುತ್ತೇನೆ. ವಿಷ ಇರುವುದು ಚರ್ಮದ ಒಳಗೆ, ಸುಣ್ಣ ಸುಡುವುದು ಮೇಲಿನ ಚರ್ಮವನ್ನು.

ನೋವಿಗೆ ನಮ್ಮ ಮಾತಿನಲ್ಲಿ ಕೊರತೆಯಿಲ್ಲ. ಮೊದಲು ಚುರ್ರನೆ ಉರಿ, ಆಮೇಲೆ ಬ್ಯಾನಿ, ಕೊನೆಗೆ ತಿಂಡಿ. ಈ ತಿಂಡಿಯನ್ನು ಮೈಸೂರಿನವರು ಬೇರೆಯಾಗಿ ಓದಿಕೊಳ್ಳುವುದರಿಂದ ‘ತಿಂಡಿ, ಅಂದರೆ ತುರಿಕೆ’ ಎಂದು ಬರೆಯುವವನಿದ್ದೇನೆ.

ಎಲ್ಲಕ್ಕಿಂತ ಮುಖ್ಯವಾದ ಸಾಲಿಗೇ ಪದ ಸಿಕ್ಕಿಲ್ಲ. ಕೆಲವರಿಗೆ ಒಂದೇ ಹುಳ ಕಡಿದರೂ ಮೈತುಂಬ ಗಾದರಿ ಏಳುತ್ತವೆ, ತುಟಿ ನಾಲಗೆ ಬಾಯುತ್ತವೆ, ಚಕ್ಕರ್ ಬರುತ್ತದೆ, ಗಂಟಲು ಬಿಗಿಯುತ್ತದೆ. ಅಂಥವರಿಗೆ ತಡಮಾಡದೆ ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಬೀಳಬೇಕು. 108ಕ್ಕೆ ಫೋನು ಹೋಗಬೇಕು. ಹೆಜ್ಜೇನು ಹಿಂಡಾಗಿ ಕಡಿದಿದ್ದರೆ, ಈ ಲಕ್ಷಣ ಇರದಿದ್ದರೂ ದವಾಖಾನೆಗೆ ಹೋಗಲೇಬೇಕು. ‘ತೀವ್ರ ಅಲರ್ಜಿ’ ಅಂದರೆ ಅಜ್ಜಿಗೆ ಏನೂ ತಾಗದು. ‘ದಮ್ಮು ಹತ್ತೋದು’ ಎಂದು ಬರೆಯಲೇ, ‘ಉಸರ ಕಟ್ಟೋದು’ ಎಂದು ಬರೆಯಲೇ? ದಮ್ಮು ಅಂದರೆ ಹಳೆಯ ಅಸ್ತಮಾ ಎಂದುಕೊಂಡು ಮನೆಯಲ್ಲೇ ಕೂತಾರೆಂಬ ಅಂಜಿಕೆ ನನಗೆ. ನಿಮ್ಮೂರಲ್ಲಿ ಯಾವ ಮಾತು ಕೇಳಿದರೆ ಜನ ಥಟ್ಟನೆ ಗಾಡಿ ಹೊರಡಿಸುತ್ತಾರೋ ಅದನ್ನು ತಿಳಿಸಿ.