ಓದುಗರ ಸ್ಪಂದನ: ಅಜ್ಜಿಯ ಫೋನು, ಮೊಮ್ಮಗನ ಕೈ

ಹೋದ ವಾರದ ಪತ್ರ: "ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಐದು ವರ್ಷದ ಮಗನಿಗೆ ಊಟ ಮಾಡಿಸಲು ಅತ್ತೆ ತಮ್ಮ ಫೋನ್ ಕೊಡುತ್ತಾರೆ. ಕಾರ್ಟೂನಿಂದ ಶುರುವಾದದ್ದು ಮೊನ್ನೆ ರಕ್ತ, ಕಿರುಚಾಟದ ವಿಡಿಯೊಗೆ ಹೋಗಿ ನಿಂತಿತ್ತು. ಮಗು ಎರಡು ರಾತ್ರಿ ಬೆಚ್ಚಿಬಿದ್ದು ಎದ್ದ. ಅತ್ತೆಯ ಖಾತೆಯಿಂದ ವಾರಕ್ಕೊಮ್ಮೆ 199 ರೂಪಾಯಿಯೂ ಹೋಗುತ್ತಿದೆ. ಗೇಮ್ ತೆಗೆದುಹಾಕಿದರೂ ನಿಂತಿಲ್ಲ. ಫೋನ್ ಕೊಡಬೇಡಿ ಅಂದರೆ ಅತ್ತೆಗೆ ಬೇಜಾರು. ಏನು ಮಾಡಲಿ?"

ತಂಗೀ, ಮೊದಲು ದುಡ್ಡು ಸೋರುವುದನ್ನು ನಿಲ್ಲಿಸಿ. ವಾರ ವಾರ ಅಷ್ಟೇ ಮೊತ್ತ ಹೋಗುತ್ತಿದೆ ಅಂದರೆ ಅದು ಸಬ್‌ಸ್ಕ್ರಿಪ್ಷನ್. ಅನ್‌ಇನ್‌ಸ್ಟಾಲ್ ಮಾಡಿದರೆ ಆಟ ಮಾತ್ರ ಹೋಗುತ್ತದೆ, ಚಂದಾ ಗೂಗಲ್ ಖಾತೆಯಲ್ಲಿ ಹಾಗೇ ಉಳಿಯುತ್ತದೆ. ಪ್ಲೇ ಸ್ಟೋರ್ ತೆರೆದು ಬಲಗಡೆ ಮೇಲಿನ ಫೋಟೊ ಒತ್ತಿ, ಪೇಮೆಂಟ್ಸ್ ಅಂಡ್ ಸಬ್‌ಸ್ಕ್ರಿಪ್ಷನ್ಸ್‌ಗೆ ಹೋಗಿ, ಸಬ್‌ಸ್ಕ್ರಿಪ್ಷನ್ಸ್‌ನಲ್ಲಿ ಆ ಗೇಮ್ ಹುಡುಕಿ ಕ್ಯಾನ್ಸಲ್ ಮಾಡಿ. ಅಲ್ಲಿ ಕಾಣದಿದ್ದರೆ ಫೋನಿನಲ್ಲಿ ಬೇರೆ ಜಿಮೇಲ್ ಖಾತೆ ಇದೆಯೇ ನೋಡಿ. ಅಂಗಡಿಯವರು ಹಾಕಿಕೊಟ್ಟ ಹಳೇ ಖಾತೆಯಲ್ಲಿ ಚಂದಾ ಕೂತಿರುವುದು ಅಪರೂಪವೇನಲ್ಲ. ಆಮೇಲೆ ಯುಪಿಐ ಆ್ಯಪಿನ ಆಟೋಪೇ ವಿಭಾಗಕ್ಕೆ ಹೋಗಿ ಆ ಮ್ಯಾಂಡೇಟನ್ನೂ, ಅಂದರೆ ತಾನಾಗಿ ಹಣ ಕಡಿದುಕೊಳ್ಳಲು ಕೊಟ್ಟ ಅನುಮತಿಯನ್ನೂ, ರದ್ದು ಮಾಡಿ.

"ಪಿನ್ ಕೊಟ್ಟೇ ಇಲ್ಲವಲ್ಲ" ಎಂದು ಅತ್ತೆ ಹೇಳಿದರೆ ಗದರಬೇಡಿ. "ಮೂರು ದಿನ ಉಚಿತ" ಎನ್ನುವ ಪರದೆಯಲ್ಲಿ ಮೊದಲ ಸಲ ಪಿನ್ ಒತ್ತಿದರೆ ಸಾಕು, ಆಮೇಲೆ 15,000 ರೂಪಾಯಿವರೆಗಿನ ಕಂತುಗಳಿಗೆ ಆಟೋಪೇ ಮತ್ತೆ ಪಿನ್ ಕೇಳುವುದಿಲ್ಲ. ಕಡಿತಕ್ಕೆ 24 ಗಂಟೆ ಮುಂಚೆ ಬರುವ ಸೂಚನೆ ಬೇರೆ ಮೆಸೇಜುಗಳ ನಡುವೆ ಮುಚ್ಚಿಹೋಗುತ್ತದೆ. ಯುಪಿಐ ಲೈಟ್ (ಸಣ್ಣ ಪಾವತಿಗೆಂದು ಮೊದಲೇ ಹಣ ತುಂಬಿಡುವುದು) ಇದ್ದರೆ ಅದನ್ನೂ ಮುಚ್ಚಿಸಿ. ಅದರಲ್ಲಿ ಒಂದು ಸಲಕ್ಕೆ 1,000 ರೂಪಾಯಿವರೆಗೆ ಪಿನ್ ಇಲ್ಲದೇ ಹೋಗುತ್ತದೆ. ಮುಚ್ಚಿದಾಗ ಅದರಲ್ಲಿ ಉಳಿದ ಹಣ ಬ್ಯಾಂಕ್ ಖಾತೆಗೆ ವಾಪಸ್ ಬರುತ್ತದೆ, ಭಯ ಬೇಡ.

ಕಡಿತವಾಗಿ 48 ಗಂಟೆ ಮೀರಿಲ್ಲದಿದ್ದರೆ ಗೂಗಲ್ ಪ್ಲೇಯಲ್ಲೇ ರೀಫಂಡ್ ಕೇಳಿ, ಮಗು ಒತ್ತಿದ್ದು ಎಂದು ಇದ್ದದ್ದು ಇದ್ದಂತೆ ಬರೆಯಿರಿ. ಅದಕ್ಕಿಂತ ಹಳೆಯದಕ್ಕೆ ಗೇಮ್ ಮಾಡಿದವರಿಗೇ ಬರೆಯಬೇಕು. ಅವರ ಇಮೇಲ್ ಪ್ಲೇ ಸ್ಟೋರಿನಲ್ಲಿ ಆ ಆ್ಯಪಿನ ಪುಟದಲ್ಲೇ ಇರುತ್ತದೆ. ದಯವಿಟ್ಟು "ರೀಫಂಡ್ ಕಸ್ಟಮರ್ ಕೇರ್ ನಂಬರ್" ಎಂದು ಗೂಗಲ್‌ನಲ್ಲಿ ಹುಡುಕಿ ಸಿಕ್ಕ ನಂಬರಿಗೆ ಫೋನ್ ಮಾಡಬೇಡಿ, ಅಲ್ಲಿ ಮೋಸಗಾರರು ಕಾದಿರುತ್ತಾರೆ. ಅಂಥವರ ಕೈಗೆ ಸಿಕ್ಕಿ ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.
– ಮೊಬೈಲ್ ಸರ್ವಿಸ್ ಅಂಗಡಿಯವರು, ದಾವಣಗೆರೆ

ಅತ್ತೆಯ ಫೋನ್ ಅತ್ತೆಯ ಹತ್ತಿರವೇ ಇರಲಿ, ಬೀಗ ಫೋನಿನೊಳಗೆ ಬೀಳಲಿ. ಯೂಟ್ಯೂಬ್ ಕಿಡ್ಸ್ ಹಾಕಿ ಮಗುವಿನ ಪ್ರೊಫೈಲ್ ಮಾಡಿ. ಮೂಲೆಯ ಬೀಗದ ಗುರುತು ಒತ್ತಿದರೆ ಗುಣಾಕಾರದ ಲೆಕ್ಕ ಕೇಳುತ್ತದೆ. ಮಗ್ಗಿ ಕಲಿತ ಮಗುವಿಗೆ ಅದೇನೂ ತಡೆಯಲ್ಲ, ಅಲ್ಲೇ ನಿಮ್ಮದೇ ಪಾಸ್‌ಕೋಡ್ ಹಾಕಿ. ಸೆಟ್ಟಿಂಗ್ಸ್‌ನಲ್ಲಿ ವಯಸ್ಸಿನ ಗುಂಪು ಆರಿಸಿ ಕೈಬಿಟ್ಟರೆ ಆಯ್ಕೆ ಯಂತ್ರದ್ದೇ ಆಗುತ್ತದೆ, ಕೆಟ್ಟದ್ದು ನುಸುಳುವುದೂ ಉಂಟು. ಅದರ ಬದಲು ನೀವೇ ಒಪ್ಪಿಗೆ ಕೊಟ್ಟದ್ದು ಮಾತ್ರ ಕಾಣುವ ಆಯ್ಕೆ ಇದೆ. ಅದನ್ನು ಹಾಕಿದರೆ ಹುಡುಕಾಟವೂ ಬಂದ್. ಭಾನುವಾರ ಅರ್ಧ ಗಂಟೆ ಕೂತು ಕನ್ನಡದ್ದೇ ಹತ್ತು ಹದಿನೈದು ವಿಡಿಯೊ ನೋಡಿ ಒಪ್ಪಿಗೆ ಕೊಡಿ. ಇಡೀ ಚಾನೆಲ್‌ಗೆ ಒಪ್ಪಿಗೆ ಕೊಟ್ಟರೆ ನಾಳೆ ಅವರು ಏನು ಹಾಕಿದರೂ ಬರುತ್ತದೆ.

ಆದರೆ ಭಜನೆ ಕೇಳುವ ದೊಡ್ಡ ಯೂಟ್ಯೂಬ್ ಅದೇ ಫೋನಿನಲ್ಲಿ ಇರುತ್ತದಲ್ಲ, ಮಗು ಅಲ್ಲಿಗೆ ಹಾರದಂತೆ ಆ್ಯಪ್ ಪಿನ್ನಿಂಗ್ ಬಳಸಿ. ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ವಿಭಾಗದಲ್ಲಿರುತ್ತದೆ, ಕೆಲವು ಫೋನುಗಳಲ್ಲಿ ಹೆಸರು ಸ್ಕ್ರೀನ್ ಪಿನ್ನಿಂಗ್. ಅದನ್ನು ಆನ್ ಮಾಡಿ, ಬಿಡಿಸುವಾಗ ಪಿನ್ ಕೇಳುವಂತೆಯೂ ಹೊಂದಿಸಿ. ಫೋನಿಗೇ ಸ್ಕ್ರೀನ್ ಲಾಕ್ ಇಲ್ಲದಿದ್ದರೆ ಇದು ಉಪಯೋಗಕ್ಕೆ ಬಾರದು, ಹಿರಿಯರ ಫೋನುಗಳಲ್ಲಿ ಎಡವುವುದು ಇಲ್ಲೇ. ಆಮೇಲೆ ಅತ್ತೆ ಮಾಡಬೇಕಾದ್ದು ಇಷ್ಟೇ: ಕಿಡ್ಸ್ ತೆರೆದು, ರೀಸೆಂಟ್ಸ್‌ಗೆ (ಈಚೆಗೆ ತೆರೆದ ಆ್ಯಪುಗಳ ಪಟ್ಟಿಗೆ) ಹೋಗಿ, ಮೇಲಿರುವ ಚಿತ್ರ ಒತ್ತಿ, ಪಿನ್ ಅನ್ನುವುದನ್ನು ಮುಟ್ಟಿ, ಮಗುವಿಗೆ ಕೊಡುವುದು. ಬಿಡಿಸಲು ಪರದೆಯ ಕೆಳಗಿಂದ ಮೇಲಕ್ಕೆ ಸವರಿ ಹಾಗೇ ಹಿಡಿಯಬೇಕು, ಕೆಳಗೆ ಮೂರು ಬಟನ್ ಇರುವ ಫೋನಾದರೆ ಬ್ಯಾಕ್ ಮತ್ತು ರೀಸೆಂಟ್ಸ್ ಬಟನ್ ಒಟ್ಟಿಗೆ ಒತ್ತಿ ಹಿಡಿಯಬೇಕು. ಪಕ್ಕದಲ್ಲಿ ಕೂತು ನಾಲ್ಕೈದು ಸಲ ಅವರ ಕೈಯಲ್ಲೇ ಮಾಡಿಸಿ, ನೀವು ಮಾಡಿ ತೋರಿಸಿದರೆ ಮರೆಯುತ್ತಾರೆ. ಐಫೋನ್ ಆದರೆ ಇದೇ ಕೆಲಸಕ್ಕೆ ಗೈಡೆಡ್ ಆಕ್ಸೆಸ್ ಇದೆ.
– ಕಂಪ್ಯೂಟರ್ ಶಿಕ್ಷಕಿ, ಶಿರಸಿ

ವೈಫೈ ರೂಟರಿನ ಸೆಟ್ಟಿಂಗ್ಸ್‌ನಲ್ಲಿ ಡಿಎನ್‌ಎಸ್ (ತಾಣದ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ಸೇವೆ) ಜಾಗದಲ್ಲಿ 1.1.1.3 ಮತ್ತು 1.0.0.3 ಹಾಕಿದರೆ ಅಶ್ಲೀಲ ತಾಣಗಳು ಬಹುಮಟ್ಟಿಗೆ ತೆರೆಯುವುದಿಲ್ಲ, ಖರ್ಚೂ ಇಲ್ಲ. ಆದರೆ ನಿಮ್ಮ ಮಗುವನ್ನು ಹೆದರಿಸಿದಂಥ ವಿಡಿಯೊವನ್ನು ಇದು ತಡೆಯದು, ಯೂಟ್ಯೂಬಿನ ಒಳಗೆ ಇದರ ಕಣ್ಣು ಹೋಗುವುದಿಲ್ಲ. ವೈಫೈ ಬಿಟ್ಟು ಮೊಬೈಲ್ ಡೇಟಾಗೆ ಹೋದ ಕ್ಷಣ ಇದರ ಕೆಲಸ ಮುಗಿಯಿತು.
– ನೆಟ್‌ವರ್ಕ್ ಕೆಲಸದವರು, ಬೆಂಗಳೂರು

ಎಲ್ಲರೂ ಫೋನಿನ ಬಗ್ಗೆ ಹೇಳಿದ್ದಾರೆ, ಬೆಚ್ಚಿಬಿದ್ದ ಮಗುವಿನ ಮಾತೂ ಆಗಬೇಕು. "ಯಾಕೆ ನೋಡಿದೆ?" ಎನ್ನಬೇಡಿ ಅಮ್ಮಾ. ಹಾಗೆ ಕೇಳಿದರೆ ಮುಂದಿನ ಸಲ ಮುಚ್ಚಿಡುತ್ತದೆ. ಮಡಿಲಲ್ಲಿ ಕೂರಿಸಿಕೊಂಡು "ಏನು ಕಾಣಿಸ್ತು ಪುಟ್ಟಾ?" ಎಂದು ಕೇಳಿ, ಹೇಳಿದಷ್ಟು ಹೇಳಲಿ. ಬಣ್ಣದ ಕಡ್ಡಿ ಕೊಟ್ಟರೆ ಕೆಲವು ಮಕ್ಕಳು ಬರೆದು ತೋರಿಸುತ್ತವೆ. ಒಂದು ಅಭ್ಯಾಸ ಮಾಡಿಸಿ: ಹೆದರಿಕೆ ಆದರೆ ಫೋನನ್ನು ಬೋರಲು ಹಾಕಿ ಅಜ್ಜಿ ಹತ್ತಿರ ಓಡುವುದು. ಆಟದ ಹಾಗೆ ನಾಲ್ಕು ದಿನ ಆಡಿಸಿದರೆ ಕೈಗೆ ಬರುತ್ತದೆ. ರಾತ್ರಿ ಬೆಚ್ಚುವುದು ವಾರಗಟ್ಟಲೆ ನಿಲ್ಲದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ ಎರಡರಿಂದ ಐದು ವರ್ಷದೊಳಗಿನ ಮಕ್ಕಳಿಗೆ ಪರದೆ ನೋಡಲು ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಐದರಿಂದ ಹತ್ತರವರಿಗೆ ಎರಡು ಗಂಟೆಗಿಂತ ಕಡಿಮೆ. ಊಟದ ಹೊತ್ತು ಅದರೊಳಗೆ ಸೇರಬಾರದು. ಪರದೆ ನೋಡುತ್ತಾ ನುಂಗುವ ಮಗುವಿಗೆ ಹೊಟ್ಟೆ ತುಂಬಿದ್ದು ತಿಳಿಯುವುದಿಲ್ಲ. ಒಮ್ಮೆಗೇ ಬಿಡಿಸಲು ಹೋಗದೆ ಮೊದಲ ವಾರ ಬೆಳಗಿನ ತಿಂಡಿಗೆ ಮಾತ್ರ ಫೋನ್ ಬೇಡ ಅನ್ನಿ. ಕೈತುತ್ತು ಹಾಕುತ್ತಾ ಕಥೆ ಹೇಳುವ ಅಜ್ಜಿ ಮನೆಯಲ್ಲೇ ಇದ್ದಾರಲ್ಲ, ಆ ಹೊತ್ತನ್ನು ಅವರಿಗೇ ಬಿಟ್ಟುಕೊಡಿ.
– ಅಂಗನವಾಡಿ ಕಾರ್ಯಕರ್ತೆ, ಹಾಸನ ಜಿಲ್ಲೆ