ಹರೆಯದ ಓದುಗರಿಗೆ ಗಾಸ್ಪೆಲ್ ಸಂಗೀತ ಪತ್ರಿಕೆ: ಮುಖಪುಟ, ಬಣ್ಣ, ಹಾಡಿನ ಪುಟ ಹೇಗಿರಬೇಕು?

ಪುಟಗಟ್ಟು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. 15ರಿಂದ 22ರ ವಯಸ್ಸಿನವರಿಗೆಂದು ಕನ್ನಡದಲ್ಲಿ ಗಾಸ್ಪೆಲ್ ಸಂಗೀತದ (ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಬೆಳೆದ ಕ್ರೈಸ್ತ ಭಕ್ತಿಸಂಗೀತ) ತ್ರೈಮಾಸಿಕವೊಂದರ ವಿನ್ಯಾಸ ನಡೆಯುತ್ತಿದೆ. ಎ4 ಅಳತೆ, ಒಳಗೆ 32 ಪುಟ, ಮೇಲೆ 4 ಪುಟದ ಕವರ್, ಸೆಂಟರ್ ಪಿನ್ (ಮಡಿಕೆಯ ಮೇಲೆ ಪಿನ್ ಹೊಡೆದ ಕಟ್ಟು), ನಾಲ್ಕು ಬಣ್ಣದ ಆಫ್‌ಸೆಟ್. ಒಂದು ದೊಡ್ಡ ಸಂದರ್ಶನ, ಗಾಸ್ಪೆಲ್ ಚರಿತ್ರೆಗೆ ಎರಡು ಪುಟ, ಆಲ್ಬಮ್ ವಿಮರ್ಶೆಗಳು, ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛದ ಗುರುತು) ಸಮೇತ ಎರಡು ಹಾಡು, ಕ್ವಾಯರ್‌ಗೆ (ಗಾಯನವೃಂದಕ್ಕೆ) ಒಂದು ಅಭ್ಯಾಸಪಾಠ. ಇಷ್ಟು ಖಚಿತ.

ಮುಖಪುಟಕ್ಕೆ ಎರಡು ಕರಡು ಆಗಿವೆ. ಒಂದರಲ್ಲಿ ಸೂರ್ಯಕಿರಣ, ಪಾರಿವಾಳ, ಹೊಂಬಣ್ಣದ ಅಕ್ಷರ. ನೋಡಿದ ಹುಡುಗರು ಅದನ್ನು ಪ್ರಾರ್ಥನೆಯ ಪುಸ್ತಕ ಅಂದುಕೊಂಡರು. ಇನ್ನೊಂದರಲ್ಲಿ ನಿಯಾನ್, ಗೋಡೆಬರಹ, ಹರಿದ ಕಾಗದ. ಅದನ್ನು ಯಾವ ಸಂಗೀತಕ್ಕೆ ಅಂಟಿಸಿದರೂ ನಡೆಯುತ್ತದೆ. ಎಳೆಯರಿಗೆ ಹಿಡಿಸುವ, ಆದರೂ ಗಾಸ್ಪೆಲ್‌ನದೇ ಅನ್ನಿಸುವ ರೂಪ ಎಲ್ಲಿಂದ ತರುವುದು? ವೇದಿಕೆಯ ಫೋಟೋಗಳು ಪರದೆಯ ಮೇಲೆ ಚೆನ್ನಾಗಿದ್ದು ಪ್ರೂಫ್‌ನಲ್ಲಿ (ಪರೀಕ್ಷೆಯ ಅಚ್ಚಿನಲ್ಲಿ) ಮಸಿಹಿಡಿದಂತೆ ಬರುತ್ತಿವೆ, ಏಕೆ? ಹಾಡಿನ ಪುಟವನ್ನು ಎದುರಿಗಿಟ್ಟುಕೊಂಡು ನಿಜಕ್ಕೂ ಹಾಡುವಂತೆ ಹೇಗೆ ಜೋಡಿಸುವುದು?

ಮೂರನೇಕಾಲಂ:

ಎರಡೂ ಕರಡಿನ ತೊಂದರೆ ಒಂದೇ. ಅಲಂಕಾರ ಸಂಗೀತದಿಂದ ಬಂದಿಲ್ಲ, ಹೊರಗಿನಿಂದ ಬಂದಿದೆ. ಗಾಸ್ಪೆಲ್ ಕೇಳಿದರೆ ಮೊದಲು ಕಿವಿಗೆ ಬೀಳುವುದು ಏನು? ಒಬ್ಬರು ಹಾಡಿ ಕರೆಯುತ್ತಾರೆ, ಕ್ವಾಯರ್ ಒಟ್ಟಾಗಿ ಉತ್ತರ ಕೊಡುತ್ತದೆ. 2 ಮತ್ತು 4ನೇ ಎಣಿಕೆಗೆ ಚಪ್ಪಾಳೆ. ಕೊನೆಕೊನೆಗೆ ಶ್ರುತಿ ಅರ್ಧರ್ಧ ಸ್ವರ ಮೇಲೇರುತ್ತದೆ. ಪುಟದ ಕಟ್ಟಡವನ್ನು ಇವುಗಳಿಂದಲೇ ತೆಗೆಯಿರಿ.

ಸಂದರ್ಶನವನ್ನೇ ತೆಗೆದುಕೊಳ್ಳಿ. ಎ4ನಲ್ಲಿ ಎಡಬಲ 15 ಮಿ.ಮೀ. ಮಾರ್ಜಿನ್ ಬಿಟ್ಟರೆ 180 ಮಿ.ಮೀ. ಉಳಿಯುತ್ತದೆ. 4 ಮಿ.ಮೀ. ಸಂದಿನ 12 ಕಾಲಂ ಗ್ರಿಡ್ ಹಾಕಿದರೆ ಒಂದೊಂದು ಕಾಲಂ 11.3 ಮಿ.ಮೀ. ಎಡಗಡೆ 4 ಕಾಲಂನಲ್ಲಿ (57 ಮಿ.ಮೀ.) ಪ್ರಶ್ನೆ, ಒಂದು ಕಾಲಂ ಖಾಲಿ, ಬಲಗಡೆ 7 ಕಾಲಂನಲ್ಲಿ (103 ಮಿ.ಮೀ.) ಉತ್ತರ. ಪ್ರಶ್ನೆ ಒಂದೆರಡು ಸಾಲು, ತೆಳು ಅಕ್ಷರ. ಉತ್ತರ ತುಂಬು ಮೈಯಾಗಿ ಅದರ ಪಕ್ಕದಿಂದಲೇ ಶುರುವಾಗಲಿ. ಕರೆ, ಉತ್ತರ ಎರಡೂ ಪುಟದ ಮೇಲೆಯೇ ಕಾಣುತ್ತವೆ, ಒಂದು ಚಿತ್ರವೂ ಬೇಕಿಲ್ಲ. ಇದೇ 4-1-7 ಹಂಚಿಕೆಯನ್ನು ವಿಮರ್ಶೆ, ಪತ್ರಗಳ ಪುಟಗಳಿಗೂ ಇಟ್ಟರೆ ಇಡೀ ಸಂಚಿಕೆಗೆ ಒಂದು ಲಯ ಸಿಗುತ್ತದೆ.

ಚರಿತ್ರೆಯ ಎರಡು ಪುಟಗಳನ್ನು ಇಸವಿಯ ಬದಲು ವಯಸ್ಸಿನ ಮೇಲೆ ಕಟ್ಟಿ. ಈ ಸಂಗೀತವನ್ನು ಬೆಳೆಸಿದವರಲ್ಲಿ ಎಷ್ಟೋ ಮಂದಿ ಎಳೆಯರೇ. 1871ರಲ್ಲಿ ವಿಶ್ವವಿದ್ಯಾಲಯಕ್ಕೆ ಹಣ ಕೂಡಿಸಲು ನ್ಯಾಶ್‌ವಿಲ್‌ನಿಂದ ಹಾಡುತ್ತ ಹೊರಟ ಫಿಸ್ಕ್ ಜೂಬಿಲಿ ಸಿಂಗರ್ಸ್ ತಂಡದವರು ವಿದ್ಯಾರ್ಥಿಗಳು. ಸಿಸ್ಟರ್ ರೊಸೆಟ್ಟಾ ಥಾರ್ಪ್ 1938ರಲ್ಲಿ ಡೆಕ್ಕಾ ಕಂಪನಿಗೆ ಮೊದಲ ಬಾರಿ ಧ್ವನಿಮುದ್ರಣ ಕೊಟ್ಟಾಗ 23ರವರು. ಅರೀತಾ ಫ್ರಾಂಕ್ಲಿನ್ ತಂದೆಯ ಚರ್ಚಿನಲ್ಲಿ ಹಾಡಿದ ಗಾಸ್ಪೆಲ್ 1956ರಲ್ಲಿ ಮುದ್ರಣವಾದಾಗ ಆಕೆಗೆ 14. ಎಡ್ವಿನ್ ಹಾಕಿನ್ಸ್ ಅವರ ಕ್ವಾಯರ್ 1969ರಲ್ಲಿ ಪಾಪ್ ಪಟ್ಟಿ ಏರಿದಾಗ ಅವರಿಗೆ 25. ಪ್ರತಿಯೊಬ್ಬರ ವಯಸ್ಸನ್ನು 60 ಪಾಯಿಂಟ್ ಅಂಕಿಯಲ್ಲಿ, ಇಸವಿಯನ್ನು 9 ಪಾಯಿಂಟ್‌ನಲ್ಲಿ ಕೊಡಿ. 16ರ ವಯಸ್ಸಿನ ಓದುಗರ ಕಣ್ಣು ಮೊದಲು ಆ 14ರ ಮೇಲೆ ಬೀಳುತ್ತದೆ. ಇದನ್ನು ನಡುಪುಟಕ್ಕೆ, ಅಂದರೆ 16–17ಕ್ಕೆ ಹಾಕಿ. ಸೆಂಟರ್ ಪಿನ್‌ನಲ್ಲಿ ಒಂದೇ ಹಾಳೆಯ ಮೇಲೆ ಬರುವ ಜೋಡಿಪುಟ ಅದೊಂದೇ.

ಮುಖಪುಟ: ಹಾಡುತ್ತಿರುವ ಒಂದೇ ಒಂದು ಮುಖ, ಮೂರೋ ನಾಲ್ಕೋ ತಲೆಬರಹ, ಅಷ್ಟು ಸಾಕು. ಕತ್ತರಿಸುವ ಅಂಚಿನಿಂದ 5 ಮಿ.ಮೀ. ಒಳಗೆ ಬರಹ ಇರಲಿ, ಬ್ಲೀಡ್ (ಕತ್ತರಿಸುವ ಅಂಚಿನಾಚೆಗೆ ಚಾಚುವ ಚಿತ್ರ) 3 ಮಿ.ಮೀ. ಆದಮೇಲೆ ಇಡೀ ಕವರನ್ನು ಫೋನಿನಲ್ಲಿ 30 ಮಿ.ಮೀ. ಅಗಲಕ್ಕೆ ಇಳಿಸಿ ನೋಡಿ. ಪತ್ರಿಕೆಯ ಹೆಸರೂ ಮುಖದ ಭಾವವೂ ಆಗಲೂ ತಿಳಿಯಬೇಕು. ಈ ವಯಸ್ಸಿನವರು ನಿಮ್ಮ ಕವರನ್ನು ಮೊದಲು ನೋಡುವುದು ಆ ಗಾತ್ರದಲ್ಲೇ.

ಮಸಿಹನಿ:

ಮೂರನೇಕಾಲಂ ಅವರ 4-1-7 ಹಂಚಿಕೆ ಬಹಳ ಇಷ್ಟವಾಯಿತು. ನಡುಪುಟದ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಬೇರೆ. ಸೆಂಟರ್ ಪಿನ್ ಪತ್ರಿಕೆ ಸ್ಟ್ಯಾಂಡಿನ ಮೇಲೆ ಚಪ್ಪಟೆಯಾಗಿ, ಮುಚ್ಚಿಕೊಳ್ಳದೆ ನಿಲ್ಲುವುದು ನಡುವಿನಲ್ಲೇ. ಆ ಜಾಗ ಹಾಡಿನದು. 13ರಿಂದ 20ರವರೆಗಿನ 8 ಪುಟಗಳನ್ನು ಎರಡು ಹಾಳೆಯ ಬೇರೆ ಭಾಗವಾಗಿ ಕೋಟಿಂಗ್ ಇಲ್ಲದ ಕಾಗದದಲ್ಲಿ, ಮ್ಯಾಪ್‌ಲಿಥೋ ಥರದ್ದರಲ್ಲಿ, ಹಾಕಿಸಿ. ಅಲ್ಲಿಗೆ ಹಾಡು ಮತ್ತು ಅಭ್ಯಾಸಪಾಠ. ದೀಪದ ಕೆಳಗೆ ಹೊಳೆಯುವುದಿಲ್ಲ, ಪೆನ್ಸಿಲ್ ಹಿಡಿಯುತ್ತದೆ. ಉಳಿದ ಪುಟಗಳಿಗೆ ಮ್ಯಾಟ್ ಆರ್ಟ್ ಪೇಪರ್. ಚರಿತ್ರೆ 8–9ಕ್ಕೆ ಹೋದರೂ ನಷ್ಟವಿಲ್ಲ, ಮಡಿಕೆಯ ಎರಡೂ ಕಡೆ 5 ಮಿ.ಮೀ. ಒಳಗೆ ಮುಖವಾಗಲಿ ಅಂಕಿಯಾಗಲಿ ಬರದಂತೆ ನೋಡಿಕೊಂಡರಾಯಿತು.

ಇನ್ನು ಫೋಟೋ. ಪ್ರೂಫ್ ಕಪ್ಪಾಗಲು ಎರಡು ಕಾರಣವಿದೆ, ಎರಡನ್ನೂ ಬೇರೆ ಬೇರೆಯಾಗಿ ಸರಿಪಡಿಸಬೇಕು.

ಮೊದಲನೆಯದು ಚುಕ್ಕೆ ಹಿಗ್ಗುವುದು. ಅಚ್ಚಿನಲ್ಲಿ ಫೋಟೋ ಸಣ್ಣ ಮಸಿಚುಕ್ಕೆಗಳಾಗಿ ಮೂಡುತ್ತದೆ, ಕಾಗದದ ಮೇಲೆ ಅವು ಹರಡುತ್ತವೆ. ಫೈಲಿನಲ್ಲಿ 50 ಶೇಕಡಾ ಇರುವ ಚುಕ್ಕೆ ಆರ್ಟ್ ಪೇಪರಿನ ಮೇಲೆ 65ರ ಹತ್ತಿರ, ಕೋಟಿಂಗ್ ಇಲ್ಲದ ಕಾಗದದ ಮೇಲೆ 70ರ ಹತ್ತಿರ ಅಚ್ಚಾಗುತ್ತದೆ. ಗಾಸ್ಪೆಲ್ ಕಲಾವಿದರಲ್ಲಿ ಬಹಳಷ್ಟು ಮಂದಿ ಕಪ್ಪು ಮೈಬಣ್ಣದವರು, ವೇದಿಕೆಯ ಹಿನ್ನೆಲೆಯೂ ಕಪ್ಪು. ಹಿಗ್ಗಿದ ಚುಕ್ಕೆಗಳು ಒಂದಕ್ಕೊಂದು ಸೇರಿದಾಗ ಕೆನ್ನೆಯ ಇಳಿಜಾರು, ಕಣ್ಣಿನ ಸುತ್ತಲ ನೆರಳು, ಜಡೆಯ ಹೆಣಿಗೆ ಎಲ್ಲ ಒಂದೇ ಗಡ್ಡೆಯಾಗುತ್ತವೆ. ಇಡೀ ಫೋಟೋದ ಬೆಳಕು ಹೆಚ್ಚಿಸಬೇಡಿ, ಮೈಬಣ್ಣ ಬೂದಿ ಬಳಿದಂತಾಗಿ ಮನುಷ್ಯರೇ ಬೇರೆಯಾಗಿ ಕಾಣುತ್ತಾರೆ. ಮುಖವನ್ನು ಮಾತ್ರ ಮಾಸ್ಕ್ ಮಾಡಿ, ಕರ್ವ್ಸ್‌ನಲ್ಲಿ ಗಾಢ ಭಾಗದಿಂದ ಮಧ್ಯದವರೆಗೆ ಎತ್ತಿ, ಹಣೆ ಮತ್ತು ಮೂಗಿನ ಮೇಲಿನ ಮಿಂಚನ್ನು ಹಾಗೇ ಬಿಡಿ. ಮೈಬಣ್ಣದ ಜೀವ ಇರುವುದು ಆ ಮಿಂಚಿನಲ್ಲೇ. ಬಳಿಕ ಪ್ರೆಸ್ಸಿನವರಿಂದ ಅವರ ಕಾಗದದ ಪ್ರೊಫೈಲ್ (ಬಣ್ಣ ಹೊಂದಿಸುವ ಫೈಲ್) ಪಡೆದು ಸಿಎಂವೈಕೆಗೆ, ಅಂದರೆ ಸಯಾನ್, ಮಜೆಂಟಾ, ಹಳದಿ, ಕಪ್ಪು (ಕೆ) ಎಂಬ ನಾಲ್ಕು ಮಸಿಗೆ, ತಿರುಗಿಸಿ. ನಾಲ್ಕೂ ಮಸಿಯ ಶೇಕಡಾ ಕೂಡಿಸಿದ ಒಟ್ಟು ಮಸಿ ಆರ್ಟ್ ಪೇಪರಿಗೆ 300 ದಾಟದಿರಲಿ. ಮುಖದ ಗಾಢ ಜಾಗದಲ್ಲಿ 260ರೊಳಗೆ ನಿಲ್ಲಿಸಿದರೆ ವಿವರ ಉಳಿಯುತ್ತದೆ.

ಎರಡನೆಯದು ಎಲ್‌ಇಡಿ ದೀಪ. ವೇದಿಕೆಯ ಕಡುನೀಲಿ, ನೇರಳೆ ಬೆಳಕು ಮುದ್ರಣದ ನಾಲ್ಕು ಮಸಿಗೆ ಎಟುಕುವುದಿಲ್ಲ. ಮಂಕು ನೇರಳೆಯಾಗಿ ಕೂರುತ್ತದೆ. ಸಯಾನ್‌ಗಿಂತ ಮಜೆಂಟಾ 30 ಶೇಕಡಾ ಆದರೂ ಕಡಿಮೆಯಿದ್ದರೆ ನೀಲಿ ನೀಲಿಯಾಗಿ ಉಳಿಯುತ್ತದೆ. ಮುಖದ ಮೇಲೆಯೇ ನೀಲಿ ಬೆಳಕು ಬಿದ್ದಿದ್ದರೆ ಕೆಂಪು ಚಾನೆಲ್‌ನಲ್ಲಿ ಹೆಚ್ಚುಕಡಿಮೆ ಏನೂ ಇರುವುದಿಲ್ಲ, ಎಷ್ಟು ತಿದ್ದಿದರೂ ಬಣ್ಣ ಮರಳದು. ಅಂಥ ಫೋಟೋದಲ್ಲಿ ಚೆನ್ನಾಗಿರುವ ಒಂದು ಚಾನೆಲ್ ಆರಿಸಿ ಕಪ್ಪು ಬಿಳುಪು ಮಾಡಿ, ಇಲ್ಲವೇ ಕಪ್ಪಿನ ಜೊತೆ ಒಂದೇ ಬಣ್ಣ ಸೇರಿಸಿ ಡ್ಯುಯೊಟೋನ್ ಮಾಡಿ. ಸಂಚಿಕೆಗೊಂದು ಬಣ್ಣ ಇಟ್ಟುಕೊಂಡರೆ ಬೇರೆ ಬೇರೆ ಕಡೆಯಿಂದ ಬಂದ ಫೋಟೋಗಳೂ ಒಂದೇ ಮನೆಯವರಂತೆ ಹೊಂದಿಕೊಳ್ಳುತ್ತವೆ. ಫೋನಿನ ಮೆಸೇಜ್ ಆ್ಯಪ್‌ನಲ್ಲಿ ಬಂದ ಫೋಟೋ ಬೇಡ, ಮೂಲ ಫೈಲನ್ನೇ ಕೇಳಿ. ಅಚ್ಚಾಗುವ ಗಾತ್ರದಲ್ಲಿ 300 ಪಿಪಿಐ (ಇಂಚಿಗೆ 300 ಪಿಕ್ಸೆಲ್) ಇರಬೇಕು, ಪೂರ್ತಿ ಎ4ಗೆ ಅದು ಸುಮಾರು 2480 × 3508 ಪಿಕ್ಸೆಲ್.

ಪುಟಗಟ್ಟು:

ಇಬ್ಬರಿಗೂ ತುಂಬ ಧನ್ಯವಾದ. ನಡುವಿನ 8 ಪುಟದ ಸಲಹೆ ಪ್ರೆಸ್ಸಿನವರಿಗೂ ಒಪ್ಪಿಗೆಯಾಗಿದೆ. ಹಾಡಿನ ಪುಟದಲ್ಲಿ ಕಾರ್ಡ್ ಅಕ್ಷರಗಳು ಸಾಹಿತ್ಯದ ಮೇಲೆ ಸರಿಯಾಗಿ ಕೂರುತ್ತಿಲ್ಲ, ಫಾಂಟ್ ಬದಲಿಸಿದೊಡನೆ ಎಲ್ಲ ಜರುಗುತ್ತವೆ. ಶ್ರುತಿ ಎರಡು ಸಲ ಏರುವುದರಿಂದ ಒಂದೇ ಹಾಡು ಮೂರು ಪುಟ ನುಂಗುತ್ತಿದೆ.

ಮೂರುದನಿ:

ಜರುಗುವುದು ಸ್ಪೇಸ್ ಒತ್ತಿ ಜಾಗ ಹೊಂದಿಸಿದ್ದಕ್ಕೆ. ಪ್ರತಿ ಸಾಲನ್ನೂ ಅಂಚುಗೆರೆ ಇಲ್ಲದ ಟೇಬಲ್ ಮಾಡಿ. ಕಾರ್ಡ್ ಬದಲಾಗುವ ಕಡೆಯೆಲ್ಲ ಸಾಹಿತ್ಯವನ್ನು ತುಂಡರಿಸಿ ಒಂದೊಂದು ತುಂಡಿಗೆ ಒಂದು ಕೋಶ. ಮೇಲಿನ ಸಾಲಿನಲ್ಲಿ ಕಾರ್ಡ್, ಕೆಳಗೆ ಪದ. ಆಮೇಲೆ ಯಾವ ಫಾಂಟ್ ಹಾಕಿದರೂ ಕಾರ್ಡ್ ತನ್ನ ಅಕ್ಷರವನ್ನು ಬಿಟ್ಟು ಹೋಗುವುದಿಲ್ಲ.

ಮೂರು ಪುಟದ ಸಮಸ್ಯೆಗೆ ಕಾರ್ಡ್ ಹೆಸರಿನ ಬದಲು ಶ್ರುತಿಯ ಮೊದಲ ಸ್ವರದಿಂದ ಎಣಿಸಿದ ಅಂಕಿ ಬಳಸಿ: 1, 4, 5, 6 ಮೈನರ್ ಹೀಗೆ. ಶ್ರುತಿ ಏರಿದರೂ ಅಂಕಿ ಅದೇ ಇರುವುದರಿಂದ ಚರಣವನ್ನು ಮತ್ತೆ ಅಚ್ಚು ಮಾಡಬೇಕಿಲ್ಲ. “ಇಲ್ಲಿಂದ ಅರ್ಧ ಸ್ವರ ಮೇಲೆ” ಎಂದು ಪುಟದ ಅಗಲಕ್ಕೂ ಒಂದು ದಪ್ಪ ಪಟ್ಟಿ ಕೊಟ್ಟರೆ ಸಾಕು. ತಲೆಯಲ್ಲಿ ಶ್ರುತಿ, ಲಯ, ವೇಗ ಮೂರನ್ನೂ ಬರೆಯಿರಿ. ನಿಧಾನದ ಹಾಡುಗಳಲ್ಲಿ ಬಹಳಷ್ಟು 12/8ರಲ್ಲಿವೆ, ಅಂದರೆ ನಾಲ್ಕು ಎಣಿಕೆಯಲ್ಲಿ ಒಂದೊಂದೂ ಮೂರಾಗಿ ಒಡೆಯುತ್ತದೆ. ಅದನ್ನು ಹೇಳದಿದ್ದರೆ ಹೊಸಬರು 4/4 ಎಂದು ಹಿಡಿದು ತೂಗಾಟವನ್ನೇ ಕಳೆಯುತ್ತಾರೆ. ಗಾಸ್ಪೆಲ್ ಕೀಬೋರ್ಡಿಗರಿಗೆ ಫ್ಲಾಟ್ ಶ್ರುತಿಗಳು ಪ್ರಿಯ, ಗಿಟಾರ್ ಕಲಿಯುತ್ತಿರುವವರಿಗೆ ಕಷ್ಟ. ಆದ್ದರಿಂದ ಪಕ್ಕದಲ್ಲೊಂದು ಚಿಕ್ಕ ಸಾಲು ಇರಲಿ: ಡಿ ಫ್ಲಾಟ್‌ಗೆ 1ನೇ ಫ್ರೆಟ್‌ನಲ್ಲಿ ಕೇಪೊ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್), ಸಿ ಆಕಾರ, ಎ ಫ್ಲಾಟ್‌ಗೆ 1ರಲ್ಲಿ ಕೇಪೊ, ಜಿ ಆಕಾರ, ಇ ಫ್ಲಾಟ್‌ಗೆ 3ರಲ್ಲಿ ಕೇಪೊ, ಸಿ ಆಕಾರ.

ಕ್ವಾಯರ್ ಭಾಗವನ್ನು ಮೂರು ದನಿಗೆ ಬರೆಯಿರಿ. ಗಾಸ್ಪೆಲ್ ಕ್ವಾಯರ್ ಸಾಮಾನ್ಯವಾಗಿ ಸೊಪ್ರಾನೊ, ಆಲ್ಟೊ, ಟೆನರ್ ಅಷ್ಟೇ. ನಾಲ್ಕು ದನಿಯ ಸ್ತೋತ್ರಗೀತೆಯ ಅಚ್ಚನ್ನು ತಂದು ಕೂರಿಸಬೇಡಿ. ದನಿಗೊಂದು ಬಣ್ಣ ಕೊಟ್ಟರೂ ಪಕ್ಕದಲ್ಲಿ ದನಿಯ ಹೆಸರು ಇರಲೇಬೇಕು, ಬಣ್ಣ ಗುರುತಿಸಲಾಗದವರು ಎಲ್ಲ ಕ್ವಾಯರ್‌ನಲ್ಲೂ ಇರಬಹುದು. ಒಂಟಿ ಗಾಯಕರ ಸಾಲು ಎಡಕ್ಕೆ, ಕ್ವಾಯರ್‌ನ ಉತ್ತರ 20 ಮಿ.ಮೀ. ಒಳಕ್ಕೆ ದಪ್ಪಕ್ಷರದಲ್ಲಿ. ಕೊನೆಯ ವ್ಯಾಂಪ್ (ಸುತ್ತಿ ಸುತ್ತಿ ಹಾಡುವ) ಭಾಗವನ್ನು ಸಾಲುಸಾಲಾಗಿ ಪುನರಾವರ್ತಿಸದೆ ಒಂದು ಚೌಕದೊಳಗೆ ಹಾಕಿ, “ಮುಂದಾಳು ಸನ್ನೆ ಮಾಡುವವರೆಗೆ” ಎಂದು ಬರೆದು, ಯಾವ ದನಿ ಎಷ್ಟನೇ ಸುತ್ತಿಗೆ ಸೇರುತ್ತದೆ ಎಂಬುದನ್ನು ಅಂಕಿಯಲ್ಲಿ ತೋರಿಸಿ.

ಸ್ವರಲಿಪಿ ಹಾಕುವುದಾದರೆ ಅದನ್ನು ಬರೆಯುವ ತಂತ್ರಾಂಶ ಮ್ಯೂಸ್‌ಸ್ಕೋರ್‌ನಿಂದ ಪಿಡಿಎಫ್ ಅಥವಾ ಎಸ್‌ವಿಜಿ ತೆಗೆಯಿರಿ, ಪಿಎನ್‌ಜಿ ಬೇಡ. ಐದು ಗೆರೆಯ ಎತ್ತರ 7 ಮಿ.ಮೀ. ಇದ್ದರೆ ಸ್ಟ್ಯಾಂಡಿನ ದೂರಕ್ಕೆ ಓದಬಹುದು. ಇಲ್ಲೊಂದು ಅಪಾಯವಿದೆ: ಆ ಫೈಲಿನ ಕಪ್ಪು ಆರ್‌ಜಿಬಿ ಕಪ್ಪು. ಹಾಗೇ ತಿರುಗಿಸಿದರೆ ತೆಳು ಗೆರೆಗಳು ನಾಲ್ಕೂ ಮಸಿಯಲ್ಲಿ ಅಚ್ಚಾಗಿ, ಪ್ಲೇಟ್ ಕೂದಲಷ್ಟು ಸರಿದರೂ ಅಂಚಿಗೆ ಬಣ್ಣದ ನೆರಳು ಏಳುತ್ತದೆ. ಜೋಡಿಸುವ ಮುಂಚೆ ಎಲ್ಲವನ್ನೂ ಬರೀ ಕೆ 100ಕ್ಕೆ ಬದಲಿಸಿ.

ಒತ್ತು_ದೀರ್ಘ:

ಅಕ್ಷರದ ಬಗ್ಗೆ ಸ್ವಲ್ಪ. ಪಾಶ್ಚಾತ್ಯ ಸಂಗೀತ ಪತ್ರಿಕೆಗಳ ತಲೆಬರಹ ನೋಡಿ ಸಾಲುಗಳನ್ನು ಒತ್ತೊತ್ತಾಗಿ ಪೇರಿಸಿದರೆ ಕನ್ನಡದಲ್ಲಿ ಕೆಡುತ್ತದೆ. “ಸ್ತೋತ್ರ” ಎಂಬ ಒಂದು ಪದವನ್ನೇ 48 ಪಾಯಿಂಟ್‌ನಲ್ಲಿ ಹಾಕಿ ನೋಡಿ: ಕೆಳಗೆ ಎರಡು ಒತ್ತು ಇಳಿದಿರುತ್ತವೆ, ಮುಂದಿನ ಸಾಲಿನ ಗುಡಿಸು ಅವಕ್ಕೆ ಬಡಿಯುತ್ತದೆ. ತಲೆಬರಹಕ್ಕೆ ಅಕ್ಷರ ಗಾತ್ರದ 1.25 ಪಟ್ಟಾದರೂ ಸಾಲಂತರ ಇರಲಿ, ಒಳಬರಹಕ್ಕೆ 10.5 ಪಾಯಿಂಟ್ ಮೇಲೆ 16. ಅಕ್ಷರಗಳ ನಡುವೆ ಜಾಗ ಹಿಗ್ಗಿಸುವ ಟ್ರ್ಯಾಕಿಂಗ್ ಬೇಡವೇ ಬೇಡ. ದೀರ್ಘದ ಕೊಂಬು ತನ್ನ ಅಕ್ಷರದಿಂದ ಕಳಚಿ ಮುಂದಿನದಕ್ಕೆ ಸೇರಿದಂತೆ ಕಾಣುತ್ತದೆ. 57 ಮಿ.ಮೀ. ಕಾಲಂನಲ್ಲಿ ಎರಡೂ ಅಂಚು ಸಮ ಮಾಡಬೇಡಿ. ಕನ್ನಡದ ಪದಗಳು ಉದ್ದ, ನಡುವೆ ದೊಡ್ಡ ತೂತುಗಳು ಬೀಳುತ್ತವೆ. ಎಡಕ್ಕೆ ಮಾತ್ರ ಸಮ ಇರಲಿ.

ಪುಟ ಜೋಡಿಸುವ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಸ್ಟೈಲ್‌ಗೆ ವರ್ಲ್ಡ್-ರೆಡಿ ಕಂಪೋಸರ್ ಆರಿಸದಿದ್ದರೆ ಒತ್ತುಗಳು ಒಡೆಯುತ್ತವೆ. ಯೂನಿಕೋಡ್ ಫಾಂಟನ್ನೇ ಬಳಸಿ, ಆನ್‌ಲೈನ್ ಪ್ರತಿಯಲ್ಲಿ ಹಾಡಿನ ಹೆಸರು ಹುಡುಕಿದರೆ ಸಿಗುತ್ತದೆ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಬೇಕಾದರೆ 11 ಪಾಯಿಂಟ್‌ಗಿಂತ ಚಿಕ್ಕದು, ತೆಳ್ಳಗಿನದು ಬೇಡ. ಒತ್ತಿನೊಳಗಿನ ಸಣ್ಣ ಬಿಳುಪನ್ನು ಮಸಿ ಮುಚ್ಚಿಬಿಡುತ್ತದೆ.

ಸ್ವರದ ಕೆಳಗೆ ಸಾಹಿತ್ಯ ಒಡೆಯುವಾಗ ಬರೆಯುವ ಅಕ್ಷರವನ್ನೇ ಘಟಕ ಮಾಡಿಕೊಳ್ಳಿ: ಕ-ರ್ತ-ನೇ, ಸ್ತೋ-ತ್ರ. ಹಾಡುವ ಹೊತ್ತಿಗೆ ಕಣ್ಣು ಗುರುತಿಸುವುದು ಅದನ್ನೇ.

ಹಕ್ಕುಪತ್ರ:

ಎಲ್ಲರೂ ಜೋಡಣೆ ಹೇಳಿದ್ದಾರೆ, ಅನುಮತಿಯ ಮಾತು ಬಂದಿಲ್ಲ. ಹಾಡಿನ ಸಾಹಿತ್ಯ ಅಚ್ಚು ಮಾಡುವ ಹಕ್ಕು ಧ್ವನಿಮುದ್ರಣದ ಹಕ್ಕಿನಿಂದ ಬೇರೆ. ಗಾಯಕರು “ಹಾಕಿಕೊಳ್ಳಿ” ಎಂದರೆ ಸಾಲದು, ರಚನೆಯ ಹಕ್ಕು ಯಾರ ಕೈಯಲ್ಲಿದೆಯೋ ಆ ಪ್ರಕಾಶಕರು ಬರೆದು ಕೊಡಬೇಕು. ಕನ್ನಡಕ್ಕೆ ಅನುವಾದಿಸಿ ಹಾಕಲೂ ಅದೇ ಅನುಮತಿ ಬೇಕು. ನಾಲ್ಕು ಸಾಲಿನವರೆಗೆ ಕೇಳಬೇಕಿಲ್ಲ ಎಂಬ ಮಾತಿಗೆ ಕಾನೂನಿನ ಆಧಾರವಿಲ್ಲ. ಹಳೆಯ ಗಾಸ್ಪೆಲ್ ಎಂದರೆ ಮುಕ್ತ ಎಂದೂ ಎಣಿಸಬೇಡಿ: ಗಾಸ್ಪೆಲ್ ಹಾಡುಗಳ ರಚನಕಾರ ಥಾಮಸ್ ಡಾರ್ಸಿ 1930ರ ದಶಕದಲ್ಲಿ ಬರೆದರೂ ತೀರಿಕೊಂಡದ್ದು 1993ರಲ್ಲಿ, ಹಕ್ಕು ಬರೆದವರು ತೀರಿಕೊಂಡ ಮೇಲೂ ಎಷ್ಟೋ ವರ್ಷ ಉಳಿಯುತ್ತದೆ. ಗುಲಾಮಗಿರಿಯ ಕಾಲದಿಂದ ಬಂದ ಸ್ಪಿರಿಚುಯಲ್ ಎಂಬ ಭಕ್ತಿಗೀತೆಗಳು ಮುಕ್ತ, ಆದರೆ ಇತ್ತೀಚಿನವರು ಮಾಡಿದ ಕ್ವಾಯರ್ ಜೋಡಣೆಗೆ ಹಕ್ಕು ಇರುತ್ತದೆ. ಮೂಲ ರಾಗಕ್ಕೆ ನೀವೇ ಮೂರು ದನಿ ಬರೆದುಕೊಂಡರೆ ಆ ತೊಡಕಿಲ್ಲ.

ಪತ್ರದಲ್ಲಿ ಪ್ರತಿಗಳ ಸಂಖ್ಯೆ, ಅಚ್ಚು, ಆನ್‌ಲೈನ್ ಎರಡನ್ನೂ ಹೆಸರಿಸಿ. 18 ತುಂಬದವರ ಫೋಟೋಗೆ ಪೋಷಕರ ಸಹಿ ಪಡೆಯಿರಿ. ಕ್ಯಾಪ್ಷನ್‌ನಲ್ಲಿ ಪೂರ್ತಿ ಹೆಸರು ಮತ್ತು ಶಾಲೆ ಒಟ್ಟಿಗೆ ಬೇಡ. ಪ್ರಕಾಶಕರ ಉತ್ತರ ವಾರಗಟ್ಟಲೆ ತಡವಾಗಬಹುದು, ಅದಕ್ಕೇ ಅಷ್ಟೇ ಉದ್ದದ ಒಂದು ಸ್ಪಿರಿಚುಯಲ್ ಅನ್ನು 16–17ಕ್ಕೆ ಜೋಡಿಸಿ ಸಿದ್ಧವಾಗಿಟ್ಟುಕೊಳ್ಳಿ.